ಮಾವನ ಮೀಸೆ, ಬೆಟ್ಟನ ಡೀಸಲ್ ವಿಮಾನ

ಮೊದಲು ಒಂದು ಒಗಟು. ಬಿಡಿಸಿದವರಿಗೆ ನನ್ನ ಪಾಲಿನ ಬೋಂಡ.

ನಿಂಬೆಹಣ್ಣಿನ ಗಾತ್ರದ ಗಂಡು. ಹರಳೆಣ್ಣೆ ಕುಡೀತಾನೆ, ಹೊಟ್ಟೆ ಕೆಡಲ್ಲ. ಸೀಮೆಎಣ್ಣೆ ಕುಡೀತಾನೆ, ದೀಪ ಹತ್ತಲ್ಲ. ನಿದ್ದೆ ಬರಿಸೋ ಔಷಧಿ ಕುಡೀತಾನೆ, ಕಣ್ಣು ಮುಚ್ಚಲ್ಲ. ಬೆಂಕಿಕಡ್ಡಿ ಕಾಣದೆ ಹೊತ್ತಿಕೊಳ್ತಾನೆ, ದಾರ ಕಟ್ಟಿದರೆ ಹಾರ್ತಾನೆ, ಕೊನೆಗೆ ಯಾರದೋ ಮೂಗಿನ ಕೆಳಗೆ ಅರ್ಧ ಗುಡಿಸಿ ಹೋಗ್ತಾನೆ. ಯಾರು?

ಒಲೆ? ಅಲ್ಲ. ಗಾಳಿಪಟ? ಅಲ್ಲ. ಕಷ್ಟಪಡಬೇಡಿ, ನಿಮ್ಮ ಕೈಲಿ ಆಗಲ್ಲ. ಸೋತೆ ಅನ್ನಿ, ಬೋಂಡ ನಾನೇ ತಿಂದುಕೊಂಡು ಹೇಳ್ತೀನಿ.

ಹುಣಸೆಕೊಪ್ಪಲಿನಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಮನೆಯಲ್ಲೇ ಹರಳು ಹುರಿದು, ಕುಟ್ಟಿ, ಕುದಿಸಿ, ಎಣ್ಣೆ ತೆಗೆದು ಮಾರೋಳು. ಅವಳಿಗೆ ಒಬ್ಬನೇ ಮಗ, ಬೆಟ್ಟ. ಹೆಸರಿಗೆ ತಕ್ಕ ಮೈ. ಮೈಗೆ ತಕ್ಕ ಬುದ್ಧಿ ಕೊಡೋ ಹೊತ್ತಿಗೆ ಮೇಲಿರೋನ ಹತ್ತಿರ ಸರಕು ಮುಗಿದಿತ್ತು. ಹೇಳಿದ ಕೆಲಸ ಮಾಡಲ್ಲ ಅಂತ ಬೇರೆಯವರು ಮಕ್ಕಳನ್ನ ಬಯ್ತಾರೆ. ಸಾಕಮ್ಮ, ಹೇಳಿದ್ದೆಲ್ಲ ಮಾಡ್ತಾನಲ್ಲಪ್ಪಾ ಅಂತ ಅಳೋಳು.

ಒಂದಿನ ಬೆಳಿಗ್ಗೆ ಹಾಲು ತಗೊಂಡು ಬಾ ಅಂದಳು. ಬೆಟ್ಟ ಆಗಷ್ಟೇ ಕರೆದ ಹಾಲನ್ನ ಕ್ಯಾನಿಗೆ ಹುಯ್ಯಿಸಿಕೊಂಡು, ಮುಚ್ಚಳ ಬಿಗಿದು, ಮೇಲೆ ಕುಂಡೆ ಊರಿ, ದಾರೀಲಿ ಹುಣಸೇಮರದ ಕೆಳಗೆ ಮಧ್ಯಾಹ್ನದವರೆಗೆ ಕೂತಿದ್ದು ಬಂದ. ಮುಚ್ಚಳ ತೆಗೆದರೆ ಹಾಲಲ್ಲ, ಹುಳಿ!

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ! ಬಾಯಿ ತೆಗೆದು, ಗಾಳಿ ಆಡೋ ಹಂಗೆ ತರಬೇಕು ಕಣೋ!"

"ಹಂಗಾ ಅವ್ವ? ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಬೆಟ್ಟ ಮರೆಯಲಿಲ್ಲ. ಬೆಟ್ಟ ಯಾವತ್ತೂ ಮರೆಯಲ್ಲ. ಅದೇ ಊರಿಗೆ ಬಂದಿರೋ ಕಷ್ಟ.

ಸಾಕಮ್ಮನಿಗೆ ಒಬ್ಬ ಅಣ್ಣ, ಜವರಪ್ಪ. ಮೊದಲು ಎನ್‌ಸಿಸಿಯಲ್ಲಿ ಹುಡುಗರಿಗೆ ಆಟದ ವಿಮಾನ ಹಾರಿಸೋದು ಕಲಿಸ್ತಿದ್ದ. ರಿಟೈರಾದ ಮೇಲೆ ಊರಲ್ಲಿ ಮಿಕ್ಸಿ, ಮೋಟರು ರಿಪೇರಿ ಅಂಗಡಿ ಇಟ್ಟಿದ್ದ. ಅಂಗಡಿಗಿಂತ ದೊಡ್ಡದು ಅವನ ಮೀಸೆ. ಎರಡು ಕಡೆ ಎರಡು ಅಳಿಲು ಕೂತು ಬಾಲ ಎತ್ತಿದಂಗೆ. ಪಕ್ಕದ ಊರಲ್ಲಿ ಅಂತೋಣಪ್ಪ ಅಂತ ಅವನ ಹಳೇ ಜೊತೆಗಾರ. ಅವನೂ ಅದೇ ಕೆಲಸ ಮಾಡಿದೋನು, ಅವನಿಗೂ ಅಷ್ಟೇ ಮೀಸೆ. ಇಬ್ಬರೂ ಟೀ ಅಂಗಡೀಲಿ ಕೂತು ಮಾತಿಗೆ ಮಾತು ಬೆಳೆಸಿ ಪಂಥ ಕಟ್ಟಿದ್ದರು. ದಾರ ಕಟ್ಟಿ ಸುತ್ತ ಹಾರಿಸೋ ವಿಮಾನ. ಇಬ್ಬರದ್ದೂ ಇಂಕಿನ ಬುಡ್ಡಿಯಷ್ಟೇ ಟ್ಯಾಂಕು. ಯಾರ ವಿಮಾನ ಮೊದಲು ನೆಲ ಮುಟ್ಟುತ್ತೋ ಅವರ ಮೀಸೆ ಸ್ಕೂಲ್ ಮೈದಾನದಲ್ಲೇ ಬೋಳು!

ಸಾಕಮ್ಮ ಎಣ್ಣೆ ಡಬ್ಬ ಇಳಿಸಿ ಅಣ್ಣನ ಅಂಗಡಿ ಮುಂದೆ ನಿಂತಳು.

"ಅಣ್ಣಯ್ಯ, ಇವನಿಗೊಂದು ದಾರಿ ತೋರಿಸು. ನಿನ್ನ ಅಂಗಡೀಲಿ ಇಟ್ಟುಕೋ."

"ಇವನನ್ನಾ? ಅಂಗಡೀಲಾ? ಹಂಗಾದ್ರೆ ಅಂಗಡೀನ ಎಲ್ಲಿಡಲಿ?"

"ನನ್ನ ಮೇಲೆ ಆಣೆ. ನಾನು ಇರೋವರೆಗೂ ಸರಿ, ಆಮೇಲೆ ಇವನ ಗತಿ?"

ಜವರಪ್ಪ ಮೀಸೆ ತೀಡಿದ. ತಂಗಿಯ ಕಣ್ಣಲ್ಲಿ ನೀರು ಕಂಡರೆ ಅವನ ಮೀಸೆ ತಾನೇ ಕೆಳಗಿಳೀತಿತ್ತು.

"ಆಯ್ತು. ಪಂಥ ಮುಗಿಯೋವರೆಗೂ ಕೈಕೆಲಸಕ್ಕೆ ಇರಲಿ. ನನ್ನ ಮೀಸೆ ಉಳಿದ್ರೆ ನಿನ್ನ ಮಗ ಅಂಗಡೀಲಿ ಉಳಿದ. ಮೀಸೆ ಹೋಯ್ತೋ, ಇವನೂ ಹೋದ!"

ಸಾಕಮ್ಮ ಮಗನ ಗಲ್ಲ ಹಿಡಿದಳು. "ಮಗಾ, ಮಾವ ಹೇಳಿದಂಗೇ ಮಾಡಬೇಕು. ಒಂದು ಕೂದಲೆಳೆ ಆಚೆ ಈಚೆ ಆಗಬಾರದು."

ಎಂಥಾ ಮಾತು ಹೇಳಿಬಿಟ್ಟಳು ನೋಡಿ!

ಜವರಪ್ಪನ ಹತ್ತಿರ ಇದ್ದದ್ದು ಗ್ಲೋ ಎಂಜಿನ್ನು. ನಿಂಬೆಹಣ್ಣಿನಷ್ಟು ದಪ್ಪ. ಅದರ ತಲೆ ಮೇಲೆ ಒಂದು ಪ್ಲಗ್ಗು, ಪ್ಲಗ್ಗಿನೊಳಗೆ ಕೂದಲಿನಂಥ ತಂತಿ, ಬ್ಯಾಟರಿ ಕೊಟ್ಟರೆ ಕೆಂಪಗಾಗ್ತದೆ, ಕುಡಿಯೋಕೆ ಸ್ಪಿರಿಟ್ಟು. ಮಾವ ಅದನ್ನ ಬೆಟ್ಟನ ಅಂಗೈ ಮೇಲಿಟ್ಟು ಹೇಳಿದ:

"ಅಳಿಯಾ, ಈ ಗ್ಲೋ ಎಂಜಿನ್ನು ಕುಡುಕ. ಗಳಗಳ ಅಂತ ಟ್ಯಾಂಕು ಖಾಲಿ ಮಾಡಿ ಬಿದ್ದುಕೊಳ್ತದೆ. ಡೀಸಲ್ ಎಂಜಿನ್ನು ಸಂಸಾರಸ್ಥ. ಅಷ್ಟೇ ಟ್ಯಾಂಕಲ್ಲಿ ಎರಡರಷ್ಟು ಓಡ್ತದೆ. ಅದಕ್ಕೇ ಈ ಕುಡುಕನ ತಲೆ ತೆಗೆದು ಸಂಸಾರಸ್ಥನ ತಲೆ ಹಾಕ್ತೀನಿ. ಪ್ಲಗ್ಗಿಲ್ಲ, ಬ್ಯಾಟರಿಯಿಲ್ಲ. ತಲೆಯೊಳಗೊಂದು ಕುಳ್ಳ ಪಿಸ್ಟನ್, ಮೇಲೊಂದು ತಿರುಪು. ತಿರುಪು ಬಿಗಿದರೆ ಒಳಗಿರೋ ಗಾಳಿ ಹಿಂಡಿಕೊಂಡು ತಾನೇ ಸಿಟ್ಟಿಗೆದ್ದು ಉರೀತದೆ. ತಿಳೀತಾ?"

"ಬಂಕಿಗೆ ಹೋಗಿ ಡೀಸಲ್ ತರ್ಲಾ ಮಾವ?"

"ಬಂಕಿನ ಡೀಸಲ್ಲು ಲಾರಿಗೆ. ಇದಕ್ಕೆ ಬೇರೆ ಅಡುಗೆ. ಆಸ್ಪತ್ರೇಲಿ ನಿದ್ದೆ ಬರಿಸೋಕೆ ಮೂಸಿಸ್ತಿದ್ದ ಈಥರ್ ಒಂದು ಪಾಲು, ಸೀಮೆಎಣ್ಣೆ ಒಂದು ಪಾಲು, ನಿಮ್ಮವ್ವನ ಹರಳೆಣ್ಣೆ ಒಂದು ಪಾಲು. ಹೋಗು, ಪೇಟೇಲಿ ಕಾಲೇಜಿನ ಲ್ಯಾಬಿಗೆ ಸಾಮಾನು ಕೊಡೋ ಅಂಗಡಿ ಐತೆ. ಚೀಟಿ ಕೊಟ್ಟು ಈಥರ್ ಈಸ್ಕೊಂಡು ಬಸ್ಸಲ್ಲಿ ಬಾ."

ಬೆಟ್ಟ ಹೋದ. ಅಂಗಡಿಯೋನು ಬಿರಡೆ ಹಾಕಿದ ಬಾಟಲಿ ಕೊಟ್ಟ. ಬೆಟ್ಟ ಬಿರಡೆ ನೋಡಿದ. ಅಯ್ಯಯ್ಯೋ, ಬಾಯಿ ಮುಚ್ಚಿದರೆ ಹುಳಿಯಾಗ್ತದಲ್ಲ! ಅವ್ವ ಹೇಳಿಲ್ವಾ? ತಂದಿದ್ದ ಚೊಂಬಿಗೆ ಅಷ್ಟನ್ನೂ ಸುರಿದ, ತೊಡೆ ಮೇಲೆ ಇಟ್ಟುಕೊಂಡು, ಗಾಳಿ ಆಡೋ ಹಂಗೆ ಬಸ್ಸಿನ ನಡುಮಧ್ಯ ಕೂತ.

ಪಕ್ಕದ ಮುದುಕ ಆಕಳಿಸಿದ. ಹಿಂದಿನ ಹೆಂಗಸು ಆಕಳಿಸಿದಳು. ಅವಳ ಬುಟ್ಟಿಯ ಕೋಳಿ ಆಕಳಿಸಿತು. ಕಂಡಕ್ಟರು "ಟಿಕೆ..." ಅಂದ, "ಟ್" ಅನ್ನೋಕೆ ಮೊದಲು ಸೀಟಿ ಬಾಯಲ್ಲಿಟ್ಟುಕೊಂಡೇ ಗೊರಕೆ ಹೊಡೆದ. ಪ್ರತಿ ಗೊರಕೆಗೂ ಸೀಟಿ ಪೀಂ! ಪೀಂ ಅಂದಾಗೆಲ್ಲ ಡ್ರೈವರು ಬಸ್ಸು ನಿಲ್ಲಿಸ್ತಾನೆ. ಪೀಂ, ಮತ್ತೆ ಹೊರಡಿಸ್ತಾನೆ. ಇಳಿಯೋರು ಮಾತ್ರ ಯಾರೂ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಕ್ಕೆ ಡ್ರೈವರೊಬ್ಬ ಎಚ್ಚರ. ಬೆಟ್ಟನಿಗೆ ಎಚ್ಚರ ಆದಾಗ ಬಸ್ಸು ಡಿಪೋದಲ್ಲಿತ್ತು. ಈಥರೆಲ್ಲ ಗಾಳಿಗೆ ಹಾರಿ ಚೊಂಬು ಒಣಗಿತ್ತು.

ಮಾವ ಚೊಂಬು ಬಗ್ಗಿಸಿ ನೋಡಿದ, ತಟ್ಟಿ ನೋಡಿದ, ಮೂಸಿ ನೋಡಿ ತಾನೂ ಒಂದು ಸಲ ಆಕಳಿಸಿದ.

"ಥೂ ನಿನ್ನ! ನನ್ನ ಸಾಮಾನು ತರುವಾಗ ಗಾಳಿ ಸೋಕಬಾರದು ಕಣೋ! ಬಿಸಿಲು ಬೀಳಬಾರದು! ಒದ್ದೆ ಬಟ್ಟೆ ಚೆನ್ನಾಗಿ ಸುತ್ತಿ, ತಂಪಗೆ ಎದೆಗವುಚಿಕೊಂಡು ತರಬೇಕು!"

"ಹಂಗಾ ಮಾವ? ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಎರಡನೇ ಬಾಟಲಿ ತರೋಕೆ ಮಾವ ತಾನೇ ಹೋಗಿ ಬಂದ. ಬೆಟ್ಟನಿಗೆ ಸುಲಭದ ಕೆಲಸ ಕೊಟ್ಟ. ವಿಮಾನದ ರೆಕ್ಕೆಗೆ ತೆಳು ಕಾಗದ ಅಂಟಿಸಿ ಮನೆಯಲ್ಲಿ ಒಣಗಿಸೋಕೆ ಇಟ್ಟಿದ್ದ. "ಮನೆಗೆ ಹೋಗು, ಅತ್ತೇನ ಕೇಳಿ ರೆಕ್ಕೆ ಈಸ್ಕೊಂಡು ಬಾ. ಹುಷಾರು, ಹಸುಗೂಸು ಎತ್ತಿಕೊಂಡ ಹಂಗೆ ತರಬೇಕು."

ಬೆಟ್ಟ ಅತ್ತೆಯ ಹಳೇ ಸೀರೆ ತೊಟ್ಟಿಗೆ ಅದ್ದಿದ, ಹಿಂಡದೆ ಹಂಗೇ ರೆಕ್ಕೆಗೆ ಸುತ್ತಿದ, ಎದೆಗವುಚಿಕೊಂಡು ತಂದ. ದಾರಿ ತುಂಬ ಲಾಲಿ ಬೇರೆ ಹಾಡಿದ! ಅಂಗಡೀಲಿ ಸೀರೆ ಬಿಚ್ಚಿದರೆ ಕಾಗದ ಅಂಬಲಿಯಾಗಿತ್ತು. ಉಳಿದದ್ದು ಕಡ್ಡಿಗಳು, ತಿಂದು ಬಿಟ್ಟ ಮೀನಿನ ಮುಳ್ಳಿನಂಗೆ.

ಜವರಪ್ಪ ನೆಲದ ಮೇಲೆ ಕೂತೇಬಿಟ್ಟ.

"ಒಣಗಬೇಕು ಕಣೋ! ಒಣಗಬೇಕು! ಬಿಸಿಲಿಗೆ ಇಡಬೇಕು, ಹಾರದಂಗೆ ಮೇಲೊಂದು ಕಲ್ಲು ಹೇರಬೇಕು!"

"ಮೊನ್ನೆ ಬಿಸಿಲು ಬೇಡ ಅಂದಿದ್ದೆ ಮಾವ."

"ಮೊನ್ನೇದು ಮೊನ್ನೆಗೆ! ಬಿಸಿಲು! ಕಲ್ಲು! ತಿಳೀತಾ?"

"ಹಂಗಾ? ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಮಾವ ಹೊಸ ಕಾಗದ ಅಂಟಿಸಿದ. ಆಮೇಲೆ ಲೇತಿನಲ್ಲಿ ಹೊಸ ತಲೆ ಕಡೆದ, ಕುಳ್ಳ ಪಿಸ್ಟನ್ನು ಕಡೆದ. ಅದನ್ನ ತಲೆಯೊಳಕ್ಕೆ ಕೂರಿಸಬೇಕು. ಗಾಳಿ ಕೂಡ ನುಸುಳಬಾರದು, ಅಷ್ಟು ಬಿಗಿ. ಒತ್ತಿದ, ಹೋಗಲಿಲ್ಲ. ತಟ್ಟಿದ, ಹೋಗಲಿಲ್ಲ. ಬೈದ, ಆಗಲೂ ಹೋಗಲಿಲ್ಲ. ಜೋರಾಗಿ ಹೊಡೆದರೆ ಸೀಳಿಹೋದೀತು. ಬೆವರು ಒರೆಸಿಕೊಂಡು, "ಇದನ್ನ ಎತ್ತಿಡೋ, ಉಂಡು ಬರ್ತೀನಿ" ಅಂತ ಮನೆಗೆ ಹೋದ.

ಎತ್ತಿಡೋದು ಅಂದ್ರೆ? ಬಿಸಿಲಿಗೆ ಇಡಬೇಕು, ಮೇಲೊಂದು ಕಲ್ಲು. ಬೆಟ್ಟ ಅಂಗಡಿಯ ತಗಡಿನ ಮೇಲೆ ಹತ್ತಿದ, ಕಾದ ತಗಡಿನ ಮೇಲೆ ಎಂಜಿನ್ನಿನ ತಲೆ ಇಟ್ಟ, ತಲೆಯ ಬಾಯಿಗೆ ಪಿಸ್ಟನ್ ಇಟ್ಟ, ಅದರ ಮೇಲೆ ರುಬ್ಬೋ ಗುಂಡು ಇಟ್ಟ.

ಮಾವ ಉಂಡು ಬಂದು, ತಗಡು ಹತ್ತಿ ನೋಡಿದರೆ, ಪಿಸ್ಟನ್ ಕಾಣಿಸ್ತಿಲ್ಲ! "ಎಲ್ಲೋ? ಕಾಗೆ ಎತ್ತಿಕೊಂಡು ಹೋಯ್ತಾ?" ಎಂಜಿನ್ನಿನ ತಲೆ ಮಗುಚಿ ನೋಡಿದ. ಒಳಗೆ, ಎಲ್ಲಿ ಕೂರಬೇಕೋ ಅಲ್ಲೇ, ಗೌಡರ ಮನೆ ಅಳಿಯನಂಗೆ ಕೂತಿತ್ತು. ಬಿಸಿಗೆ ತಲೆ ಹಿಗ್ಗಿ, ಗುಂಡಿನ ಭಾರಕ್ಕೆ ಪಿಸ್ಟನ್ ಇಳಿದಿತ್ತು.

ಜವರಪ್ಪ ಅಳಿಯನನ್ನ ತಬ್ಬಿಕೊಂಡ. ಬೆಟ್ಟನ ಬದುಕಿನಲ್ಲಿ ಅದೇ ಮೊದಲ ಭೇಷ್! ಕಿವಿ ತನಕ ಹಲ್ಲು ಬಿಟ್ಟ.

"ಭೇಷ್ ಕಣೋ! ಒಳಕ್ಕೆ ಹೋಗಲ್ಲ ಅಂತ ಮೊಂಡು ಹಿಡಿದೋರಿಗೆಲ್ಲ ಇದೇ ಮದ್ದು! ಬಿಸಿ ಮುಟ್ಟಿಸು, ಮೇಲೆ ಕಲ್ಲು ಹೇರು!"

ಬಯ್ಗುಳವನ್ನೇ ಮರೆಯದೋನು ಶಹಭಾಸಗಿರಿ ಮರೀತಾನಾ?

ಮಾರನೇ ದಿನ ಅಂತೋಣಪ್ಪ ಬಂದ. ಜವರಪ್ಪ ಏನೋ ಗುಟ್ಟಾಗಿ ಮಾಡ್ತಿದ್ದಾನೆ ಅಂತ ಸುದ್ದಿ ಹೋಗಿತ್ತು. ಮಾವ ಒಳಗೆ ಎಂಜಿನ್ನಿಗೆ ಹೊಸ ತಲೆ ಕೂರಿಸ್ತಿದ್ದ, ಬಾಗಿಲಿಗೆ ಗೋಣಿ ಇಳಿಬಿಟ್ಟಿದ್ದ. ಅಂತೋಣಪ್ಪ ಹೊಸಿಲ ಹೊರಗೇ ನಿಂತು ಕತ್ತು ಉದ್ದ ಮಾಡಿದ.

"ಬನ್ನಿ ಒಳಕ್ಕೆ" ಅಂದ ಬೆಟ್ಟ.

"ಇಲ್ಲಪ್ಪ, ಇಲ್ಲೇ ಸರಿ."

"ಬನ್ನೀಂದ್ರೆ."

"ಬೇಡ ಕಣೋ, ಸುಮ್ನೆ ಹಿಂಗೇ ಬಂದೆ."

ಓಹೋ, ಒಳಕ್ಕೆ ಹೋಗದೆ ಮೊಂಡು ಹಿಡಿದಿದ್ದಾರೆ! ಬೆಟ್ಟ ಮಾವನಿಗೆ ತಂದಿದ್ದ ಬಿಸಿ ಟೀ ಲೋಟ ತಗೊಂಡು ಅಂತೋಣಪ್ಪನ ಬೆನ್ನಿಗೆ ಒತ್ತಿಯೇಬಿಟ್ಟ. ಇನ್ನೊಂದು ಕೈಲಿ ರುಬ್ಬೋ ಗುಂಡು ಎತ್ತಿ ತಲೆ ಮೇಲೆ ಇಡೋಕೆ ಹೋದ. "ಯೇಸುವೇ!" ಅಂತ ಅಂತೋಣಪ್ಪ ಒಂದೇ ನೆಗೆತಕ್ಕೆ ಗೋಣಿ ಹರಿದುಕೊಂಡು ಒಳಗೆ! ನೆಟ್ಟಗೆ ಎಂಜಿನ್ನಿನ ಮುಂದೆ! ಅದರ ತಲೆ ಮೇಲಿನ ತಿರುಪು ಅವನ ಕಣ್ಣಿಗೆ ಬಿತ್ತು.

"ಅಹಹಾ! ಡೀಸಲ್ ತಲೆ ಹಾಕ್ತಿದ್ದೀಯಾ ಜವರ? ಕಳ್ಳಾ! ನಾನೂ ಹಾಕ್ತೀನಿ ನೋಡು. ಮೀಸೆಗೆ ಎಣ್ಣೆ ಹಚ್ಚಿ ಇಟ್ಟುಕೋ, ಬೋಳಿಸೋಕೆ ಸಲೀಸಾಗ್ತದೆ!" ಬೆನ್ನು ಉಜ್ಜಿಕೊಳ್ತಾ, ನಗ್ತಾ ಹೋದ.

ಇದ್ದ ಒಂದು ಗುಟ್ಟೂ ಹೋಯಿತು. ಜವರಪ್ಪ ಮೀಸೆ ಮುಟ್ಟಿ ನೋಡಿಕೊಂಡ.

"ಲೋ ಬೆಟ್ಟಾ! ಬಂದೋರಿಗೆ ಬೆನ್ನಿಗೆ ಟೀ ಕೊಡ್ತಾರೇನೋ? ಬಾಯಿಗೆ ಕೊಡಬೇಕು! ಉಪಚಾರ ಮಾಡಬೇಕು! ಸಾಕು ಸಾಕು ಅಂತಾರೆ, ಕೇಳಬಾರದು. ಇನ್ನೊಂಚೂರು, ಇನ್ನೊಂಚೂರು ಅಂತ ಹುಯ್ಯಬೇಕು. ಅದು ಮರ್ಯಾದೆ!"

"ಹಂಗಾ ಮಾವ? ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಎಂಜಿನ್ನು ತಯಾರಾಯಿತು. ಅಂಗಡಿ ಹಿಂದೆ ಹಲಗೆಗೆ ಬಿಗಿದರು. ಈಥರು, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದರು. ಮಾವ ಅಂದ: "ಅಳಿಯಾ, ಅದರ ಬಾಯಿಗೆ ಎರಡು ತೊಟ್ಟು ಬಿಡು. ನಾನು ಪಂಖ ತಿರುಗಿಸ್ತೀನಿ, ಕೈ ತೊಳೆದು ಬರ್ತೀನಿ ಇರು."

ಬೆಟ್ಟ ಎರಡು ತೊಟ್ಟು ಬಿಟ್ಟ. ಎಂಜಿನ್ನು ಸುಮ್ಮನಿತ್ತು. ಪಾಪ, ಸಂಕೋಚ! ಹೊಸದಾಗಿ ಸಂಸಾರಸ್ಥ ಆದೋನು!

"ಇನ್ನೊಂಚೂರು ಹಾಕಿಸ್ಕೊಳ್ಳಿ."

ಎಂಜಿನ್ನು ಏನೂ ಅನ್ನಲಿಲ್ಲ.

"ನಾಚ್ಕೋಬೇಡಿ, ನಿಮ್ಮನೇ ಅಂದ್ಕೊಳ್ಳಿ. ಇನ್ನೊಂಚೂರು."

ಬಾಯಿ ತುಂಬಿ ಮೂತೀಲಿ ಹರಿಯಿತು. "ನೋಡಿ, ಉಗುಳಬಾರದು! ನಮ್ಮವ್ವನೇ ಕಾಯಿಸಿದ ಎಣ್ಣೆ. ಇನ್ನೊಂದೇ ಇನ್ನೊಂಚೂರು." ಲೋಟ ಬರಿದಾಯಿತು.

ಮಾವ ಬಂದು ಪಂಖಕ್ಕೆ ಬೆರಳು ಕೊಟ್ಟ. ಅಲುಗಲಿಲ್ಲ. ಜೋರಾಗಿ ಒಂದು ಏಟು ಕೊಟ್ಟ. ಹೊಟ್ಟೆ ತುಂಬಿದ ಡೀಸಲ್ ಎಂಜಿನ್ನು ಕೋಣ ಇದ್ದಂಗೆ, ಮುಂದಕ್ಕೆ ತಳ್ಳಿದರೆ ಹಿಂದಕ್ಕೆ ಒದೀತದೆ. ಫಟಾರ್! ಪಂಖ ವಾಪಸ್ಸು ತಿರುಗಿ ಮಾವನ ಬೆರಳ ಗೆಣ್ಣಿಗೇ ಹೊಡೆಯಿತು.

"ಅವ್ವಯ್ಯೋ! ಎಷ್ಟು ಹುಯ್ದ್ಯೋ?"

"ಸಾಕು ಅಂತ ಅದು ಒಂದು ಸಲಾನೂ ಅನ್ನಲಿಲ್ಲ ಮಾವ."

ಜವರಪ್ಪ ಬೆರಳು ಬಾಯಲ್ಲಿಟ್ಟುಕೊಂಡೇ ಕೂಗಿದ: "ಹೊಟ್ಟೆ ತುಂಬಿ ಅಲ್ಲಾಡದೆ ಕೂತರೆ ತಿರುಪು ಸಡಿಲ ಮಾಡಬೇಕು! ತಲೆಕೆಳಗು ಮಾಡಿ ಸುರಿಸಬೇಕು! ಆಮೇಲೆ ತಟ್ಟಬೇಕು!"

"ಹಂಗಾ? ಇನ್ನೊಂದ್ಸಲ..."

"ಇನ್ನೊಂದ್ಸಲ ಅನ್ನಬೇಡ!"

ಮಾವ ತಾನೇ ತಿರುಪು ಸಡಿಲಿಸಿ, ಹಲಗೆ ಸಮೇತ ತಲೆಕೆಳಗು ಮಾಡಿ ಸುರಿಸಿದ. ಪಂಖಕ್ಕೆ ಏಟು, ತಿರುಪಿಗೆ ಅರ್ಧ ಸುತ್ತು. ಏಟು, ಸುತ್ತು. ಟಪ್. ಟಪ್ ಟಪ್. ಟರ್ರ್ರ್ರ್! ಪ್ಲಗ್ಗಿಲ್ಲ, ಬ್ಯಾಟರಿಯಿಲ್ಲ, ಓಡ್ತಾನೇ ಐತೆ! ಆಸ್ಪತ್ರೆಯೂ ಸೀಮೆಎಣ್ಣೆ ಅಂಗಡಿಯೂ ಮದುವೆಯಾದಂಥ ವಾಸನೆ. ಟ್ಯಾಂಕು ಮುಗಿಯೋ ಹೊತ್ತಿಗೆ ಮಾವ ಬೀಡಾ ಹಾಕಿಕೊಂಡು ಅಗಿದು ಉಗಿದೂ ಆಗಿತ್ತು. ಜವರಪ್ಪನ ಮೀಸೆ ಮತ್ತೆ ಬಾಲ ಎತ್ತಿತು.

ಭಾನುವಾರ ಪಂಥ. ತೀರ್ಪು ಹೇಳೋಕೆ ಹೈಸ್ಕೂಲಿನ ಹೆಡ್ ಮೇಷ್ಟ್ರು ಸೋಮಶೇಖರಯ್ಯ ಒಪ್ಪಿದ್ದರು. ಆ ಮಧ್ಯಾಹ್ನ ಸಾಕಮ್ಮ ಅವರನ್ನ ಊಟಕ್ಕೆ ಕರೆದಳು. ಮಗನ ಅನ್ನ ಅವರ ಸೀಟೀಲಿ ಐತೆ ನೋಡಿ! ಮುದ್ದೆ ಹಾಕಿದಳು, ಅವರೆಕಾಳು ಸಾರು ಹುಯ್ದಳು, ಮೇಲೆ ಪಾಯಸ. ಮೇಷ್ಟ್ರು ಬೆಲ್ಟಿನ ಮೇಲೆ ಕೈಯಿಟ್ಟು ಗೋಡೆಗೊರಗಿದರು.

"ಅಮ್ಮಾ, ಹೊಟ್ಟೆ ತುಂಬಿಹೋಯ್ತು. ಅಲ್ಲಾಡೋಕೂ ಆಗ್ತಿಲ್ಲ."

ಬೆಟ್ಟ ಕೇಳಿಸಿಕೊಂಡ. ಎದ್ದ. ಮೇಷ್ಟ್ರ ಬೆಲ್ಟು ಸಡಿಲ ಮಾಡಿದ. ಎರಡು ಕಾಲು ಹಿಡಿದು ತಲೆಕೆಳಗು ಎತ್ತಿದ. ಬೆನ್ನಿಗೆ ತಟ್ಟಿದ. ಜೇಬಿನಿಂದ ಕನ್ನಡಕ ಬಿತ್ತು, ಪೆನ್ನು ಬಿತ್ತು, ಸೀಟಿ ಬಿತ್ತು. ಪಾಯಸ ಮಾತ್ರ ಕಷ್ಟಪಟ್ಟು ಒಳಗೇ ಉಳಿಯಿತು.

"ಇಳಿಸೋ! ಇಳಿಸೋ! ನಿನ್ನನ್ನ ಪಾಸು ಮಾಡದೇ ಇದ್ದದ್ದಕ್ಕೆ ಹಿಂಗಾ?"

"ಸ್ವಲ್ಪ ತಡೀರಿ ಮೇಷ್ಟ್ರೇ, ಇನ್ನೇನು ಸ್ಟಾರ್ಟ್ ಆಗ್ತೀರಿ."

ಸಾಕಮ್ಮ ಸೌಟಿನಲ್ಲಿ ಮಗನಿಗೆ ಎರಡು ಬಿಟ್ಟು, ಮೇಷ್ಟ್ರ ಕಾಲಿಗೆ ಬಿದ್ದಳು. ಅವರು ಕನ್ನಡಕ ಹಾಕಿಕೊಂಡು, ಸೀಟಿ ಎತ್ತಿಕೊಂಡು ಮೈದಾನದ ಕಡೆ ನಡೆದರು. ಸಾಕಮ್ಮ ಮಗನ ಕಿವಿ ಹಿಡಿದಳು.

"ದೊಡ್ಡೋರಿಗೆ ನೀನಾಗಿ ಕೈ ಹಚ್ಚಬಾರದು ಕಣೋ! ಅವರು ಏನಾದರೂ ಕೊಟ್ಟರೆ ಎರಡೂ ಕೈಯಲ್ಲಿ ಈಸ್ಕೋ. ಅವರೇ ಬಿಡು ಅನ್ನೋವರೆಗೂ ಅಲ್ಲಾಡಿಸದೆ ಹಿಡ್ಕೊಂಡು ನಿಲ್ಲು. ಇದೊಂದು ನೆನಪಿಟ್ಟುಕೋ ಮಗಾ, ನಿನ್ನ ಅನ್ನದ ದಾರಿ ಇವತ್ತು."

"ಹಂಗಾ ಅವ್ವ?" ಬೆಟ್ಟ ಕಿವಿ ಉಜ್ಜಿಕೊಂಡ. "ಹಂಗೇ ಮಾಡ್ತೀನಿ."

ಮೈದಾನದ ಸುತ್ತ ಊರಿಗೂರೇ ಸೇರಿತ್ತು. ಒಂದು ಕಡೆ ಜವರಪ್ಪನ ಹಳದಿ ವಿಮಾನ, ಇನ್ನೊಂದು ಕಡೆ ಅಂತೋಣಪ್ಪನ ನೀಲಿ ವಿಮಾನ. ಅವನೂ ಡೀಸಲ್ ತಲೆ ಹಾಕಿಸಿಕೊಂಡೇ ಬಂದಿದ್ದ. ಎರಡರ ರೆಕ್ಕೆಯಿಂದಲೂ ದಾರದಷ್ಟು ಸಣ್ಣಗಿನ ಎರಡೆರಡು ಉದ್ದ ತಂತಿ, ತಂತಿಯ ತುದಿಗೆ ಹಿಡಿ. ನಡುವೆ ನಿಂತು ಹಿಡಿ ಹಿಡಿದುಕೊಂಡು ವಿಮಾನದ ಜೊತೆ ತಾನೂ ಸುತ್ತಬೇಕು. ಮಣಿಕಟ್ಟು ಮೇಲೆ ಮಾಡಿದರೆ ವಿಮಾನ ಮೇಲೆ, ಕೆಳಗೆ ಮಾಡಿದರೆ ಕೆಳಗೆ.

ಜವರಪ್ಪ ಒಂದು ಚೀಲ ಅಳಿಯನ ಹೆಗಲಿಗೆ ಹಾಕಿದ, ಊರೆಲ್ಲ ಕೇಳೋ ಹಂಗೆ ಹೇಳಿದ:

"ಬೆಟ್ಟಾ! ಇದರಲ್ಲಿ ಕತ್ತಿ ಐತೆ, ಸೋಪು ಐತೆ. ಮೊದಲು ಯಾರು ನೆಲ ಮುಟ್ತಾರೋ ಅವರ ಮೀಸೆ ಬೋಳಿಸು! ಬೇಕಾದೋರು, ಬೇಡಾದೋರು ಅಂತ ನೋಡಬೇಡ. ಎಷ್ಟು ಬೇಡಿಕೊಂಡರೂ ಬಿಡಬೇಡ!"

"ಆಯ್ತು ಮಾವ."

ಅಂತೋಣಪ್ಪ ಆ ಕಡೆಯಿಂದ ಕೂಗಿದ: "ಸೋಪು ಹದವಾಗಿ ನೆನೆಸಿಡೋ ಬೆಟ್ಟಾ, ನಿಮ್ಮ ಮಾವನ ಚರ್ಮ ನಾಜೂಕು!"

ಮೇಷ್ಟ್ರು ಬೆಟ್ಟನಿಂದ ನಾಲ್ಕು ಮಾರು ದೂರ ನಿಂತು ಸೀಟಿ ಊದಿದರು. ಟರ್ರ್ರ್ರ್! ಹಳದಿ ಎದ್ದಿತು. ಟರ್ರ್ರ್ರ್! ನೀಲಿ ಎದ್ದಿತು. ಸುತ್ತು, ಸುತ್ತು, ಸುತ್ತು. ಗ್ಲೋ ಎಂಜಿನ್ನಾಗಿದ್ದರೆ ಇಷ್ಟು ಹೊತ್ತಿಗೆ ಕುಡಿದು ಮುಗಿಸಿ ಬಿದ್ದುಕೊಳ್ತಿತ್ತು. ಇವು ಸಂಸಾರಸ್ಥರು! ನಿಧಾನ, ಒಂದೇ ಹದ, ಮುಗಿಯೋದೇ ಇಲ್ಲ. ಎಂಜಿನ್ನಿನ ಆಯಸ್ಸು ಹೆಚ್ಚಿಸಿದ್ದ ಜವರಪ್ಪ, ನಡುವೆ ನಿಂತು ಸುತ್ತೋನ ಆಯಸ್ಸನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನಿಗೆ ಸ್ಕೂಲು ಸುತ್ತಿತು, ಧ್ವಜದ ಕಂಬ ಸುತ್ತಿತು, ತಂಗಿ ಇಬ್ಬರಾದಳು, ಮೇಷ್ಟ್ರು ನಾಲ್ವರಾದರು.

"ಬೆಟ್ಟಾ! ತಂತಿ ಕೆಳಗೆ ಬಗ್ಗಿ ಬಾರೋ! ಬೇಗ!"

ಬೆಟ್ಟ ಬಗ್ಗಿ ಓಡಿ ಬಂದ.

"ಹಿಡ್ಕೋ... ವಿಮಾನ ನೋಡ್ತ... ಸುತ್ತು..." ಅಂತ ಹಿಡಿ ಅವನ ಕೈಗಿಟ್ಟು, ಜವರಪ್ಪ ಬಾಳೆಗಿಡ ಬಿದ್ದಂಗೆ ನೆಲಕ್ಕೆ ಮಲಗಿದ.

ಸಾಕಮ್ಮ ಎರಡೂ ಕೈ ತಲೆ ಮೇಲಿಟ್ಟುಕೊಂಡಳು. ಮುಗೀತು! ಅಣ್ಣನ ಮೀಸೆ ಮುಗೀತು, ಮಗನ ಅನ್ನ ಮುಗೀತು!

ದೊಡ್ಡೋರು ಕೊಟ್ಟಿದ್ದು. ಬೆಟ್ಟ ಎರಡೂ ಕೈಯಲ್ಲಿ ಈಸ್ಕೊಂಡಿದ್ದ. ಅಲ್ಲಾಡಿಸಬಾರದು. ಅಲ್ಲಾಡಿಸಲಿಲ್ಲ. ವಿಮಾನ ನೋಡು ಅಂದಿದ್ದಾರೆ. ಬೇರೇನೂ ನೋಡಲಿಲ್ಲ. ಕಲಿತೋರ ಮಣಿಕಟ್ಟು ಸುಮ್ಮನಿರಲ್ಲ, ಚೂರು ಮೇಲೆ, ಚೂರು ಕೆಳಗೆ ಅಂತ ತಿವೀತಾನೇ ಇರ್ತದೆ. ಬೆಟ್ಟನ ಕೈ ಗರುಡಗಂಬ. ಹಳದಿ ವಿಮಾನ ಗೆರೆ ಎಳೆದಂಗೆ ಸುತ್ತಿತು. ತಲೆ ತಿರುಗಲಿಲ್ವಾ ಅಂತೀರಾ? ತಿರುಗೋಕೆ ಒಳಗೆ ಏನಾದ್ರೂ ಇರಬೇಕಲ್ಲ!

ಅಂತೋಣಪ್ಪ ಒಂದು ಸುತ್ತಿನಲ್ಲಿ ಈ ಕಡೆ ಕಣ್ಣು ಹಾಯಿಸಿದ. ಜವರಪ್ಪ ಅಂಗಾತ ಬಿದ್ದಿದ್ದಾನೆ, ಮೀಸೆ ಆಕಾಶ ನೋಡ್ತಿದೆ. ಅವನಿಗೆ ನಗು ತಡೆಯಲಿಲ್ಲ. "ಹ್ಹಹ್ಹಾ!" ಅಂದ. ಹೊಟ್ಟೆ ಕುಲುಕಿತು, ಹೊಟ್ಟೆ ಕುಲುಕಿದ್ದಕ್ಕೆ ಕೈ ಕುಲುಕಿತು, ಕೈ ಕುಲುಕಿದ್ದಕ್ಕೆ ನೀಲಿ ವಿಮಾನ ಮೂಗು ಬಗ್ಗಿಸಿ ಧೂಳಿಗೆ ಧಡ್!

"ಜವರಪ್ಪನ ವಿಮಾನ ಗೆದ್ದಿತು!" ಅಂದರು ಮೇಷ್ಟ್ರು. ತಲೆಕೆಳಗು ಮಾಡಿಸಿಕೊಂಡರೂ ತೀರ್ಪು ತಲೆಕೆಳಗು ಮಾಡಲಿಲ್ಲ, ದೊಡ್ಡ ಮನುಷ್ಯ!

ಹಳದಿ ವಿಮಾನದ ಎಣ್ಣೆ ಮುಗೀತು, ತೇಲಿ ಬಂದು ನೆಲದ ಮೇಲೆ ಕೂತಿತು. ಬೆಟ್ಟ ಮಾತ್ರ ಸುತ್ತುತ್ತಾನೇ ಇದ್ದ. ವಿಮಾನ ಮೈದಾನದಲ್ಲಿ ಗುಂಡಗೆ ಉಳುಮೆ ಹೂಡಿತು.

"ಬಿಡೋ ಮಗನೇ! ಗೆದ್ದಾಯ್ತು!"

"ಇದು ನೀನು ಕೊಟ್ಟಿದ್ದಲ್ಲ ಅವ್ವ, ಮಾವ ಕೊಟ್ಟಿದ್ದು!"

ಬಿದ್ದಲ್ಲಿಂದಲೇ ಮಾವ "ಬಿಡು..." ಅಂತ ಗೊಣಗಿ ಮತ್ತೆ ಕಣ್ಣು ಮುಚ್ಚಿದ. ಬೆಟ್ಟ ಬಿಟ್ಟ.

ಊರಿನವರೆಲ್ಲ ಅಂತೋಣಪ್ಪನ ಸುತ್ತ ಸೇರಿ, "ಕತ್ತಿ ಎಲ್ಲಿ? ಕತ್ತಿ ಎಲ್ಲಿ?" ಅಂತ ಕುಣೀತಿದ್ದರು. ಅಂತೋಣಪ್ಪ ಮೀಸೆ ಮುಚ್ಚಿಕೊಂಡು, "ತಡೀರಪ್ಪಾ, ಜವರ ಏಳಲಿ, ಅವನ ಮುಂದೇನೇ ಆಗಲಿ" ಅಂತಿದ್ದ.

ಕತ್ತಿ ಎಲ್ಲಿತ್ತು? ಕತ್ತಿ ಕೆಲಸದಲ್ಲಿತ್ತು.

ಬೆಟ್ಟ ಯೋಚನೆ ಮಾಡಿದ್ದ. ಅಂತೋಣಪ್ಪನ ವಿಮಾನ ನೆಲ ಮುಟ್ಟಿತು, ಸರಿ. ಆದರೆ ಅದಕ್ಕೂ ಮೊದಲು ನೆಲ ಮುಟ್ಟಿದ್ದು ಯಾರು? ಬೇಕಾದೋರು ಅಂತ ನೋಡಬೇಡ ಅಂದಿದ್ದಾನೆ. ಬೆಟ್ಟ ಮಾವನ ಎದೆ ಪಕ್ಕ ಕೂತು, ಹದವಾಗಿ ಸೋಪು ನೆನೆಸಿ, ಬಲಗಡೆ ಅಳಿಲನ್ನ ನುಣ್ಣಗೆ ಇಳಿಸಿ, ಎಡಗಡೆಯದಕ್ಕೆ ನೊರೆ ಹಚ್ಚಿದ್ದ. ಅಷ್ಟರಲ್ಲಿ ಜವರಪ್ಪನಿಗೆ ಮೂಗಿನ ಕೆಳಗೆ ತಂಗಾಳಿ ಬೀಸಿ ಎಚ್ಚರವಾಯಿತು.

"ಗೆದ್ವೇನೋ ಅಳಿಯಾ?"

"ಗೆದ್ವಿ ಮಾವ! ಅಲುಗಬೇಡ, ಇನ್ನರ್ಧ ಐತೆ."

ಜವರಪ್ಪ ಕೈ ಹಾಕಿ ನೋಡಿಕೊಂಡ. ಒಂದು ಕಡೆ ಅಳಿಲು, ಇನ್ನೊಂದು ಕಡೆ ಬಯಲು.

"ಲೋ! ಗೆದ್ದೋರು ನಾವು ಕಣೋ!"

"ಹೌದು ಮಾವ. ಗೆದ್ದೋರು ನಾವು. ಮೊದಲು ನೆಲ ಮುಟ್ಟಿದ್ದು ನೀನು!"

ಅಂತೋಣಪ್ಪ ನಕ್ಕು ನಕ್ಕು ತಾನೂ ನೆಲ ಮುಟ್ಟಿದ. ಜವರಪ್ಪ ಕತ್ತಿ ಕಿತ್ತುಕೊಂಡು ಎದ್ದ. "ಸಾಕಮ್ಮಾ! ಮಾತು ಮಾತೇ! ಮೀಸೆ ಹೋಯ್ತು, ನಿನ್ನ ಮಗನೂ ಹೋದ!"

ಸಾಕಮ್ಮ ಅಳಲಿಲ್ಲ. ಎಣ್ಣೆ ಮಾರೋಳು, ಚೌಕಾಸಿ ಗೊತ್ತಿತ್ತು. ಅಣ್ಣನ ಮುಖ ಹಿಡಿದು ಎಡಕ್ಕೆ ತಿರುಗಿಸಿದಳು. "ಪೂರ್ತಿ ಎಲ್ಲಿ ಹೋಗಿದೆ ಅಣ್ಣಯ್ಯ? ಅರ್ಧ ಉಳಿದೈತಲ್ಲ! ಅರ್ಧ ದಿನದ ಕೆಲಸ ಕೊಡು!"

ಮೈದಾನವೆಲ್ಲ ಹೋ ಅಂದಿತು. ಜವರಪ್ಪ ಬಯ್ಯೋಕೆ ಬಾಯಿ ತೆಗೆದ, ಮೂಗಿನ ಕೆಳಗೆ ಮತ್ತೆ ಗಾಳಿ ಬೀಸಿತು, ಕಚಗುಳಿಯಾಗಿ ಅವನೂ ನಕ್ಕುಬಿಟ್ಟ. "ಆಯ್ತು ಮಾರಾಯ್ತಿ! ಆದರೆ ಲೋ ಬೆಟ್ಟಾ, ಈ ಕಡೆ ಬೆಳೆಯೋವರೆಗೂ ನನಗೆ ನಿನ್ನ ಮುಖ ಮಾತ್ರ ತೋರಿಸಬೇಡ!"

"ಹಂಗಾ ಮಾವ? ಹಂಗೇ ಮಾಡ್ತೀನಿ."

ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಬೆಟ್ಟ ಕೆಲಸಕ್ಕೆ ಹಾಜರು. ಬೀದಿ ಉದ್ದಕ್ಕೂ ಹಿಂದು ಹಿಂದಕ್ಕೆ ನಡೆದುಕೊಂಡು, ಒಂದು ಎಮ್ಮೆ, ಎರಡು ಸೈಕಲ್ಲು, ಹೆಡ್ ಮೇಷ್ಟ್ರಿಗೆ ಬೆನ್ನಲ್ಲೇ ಡಿಕ್ಕಿ ಹೊಡೆದು, ಹೊಸಿಲು ದಾಟಿ, ಮಾವನಿಗೆ ಬೆನ್ನು ಕೊಟ್ಟು ನಿಂತು, "ಬಂದೆ ಮಾವ!" ಅಂದ.

ಒಗಟು ಬಿಡೀತಲ್ಲ? ಆ ಗಂಡು ಜವರಪ್ಪನ ಡೀಸಲ್ ಎಂಜಿನ್ನು. ಕತ್ತಿ ಹಿಡಿದದ್ದು ಬೆಟ್ಟ, ಮಾವನನ್ನ ಸುತ್ತಿಸಿ ಕತ್ತಿಗೆ ಕೆಡವಿದ್ದು ಅವನು.

ಇನ್ನು ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ವಿಮಾನ ಹಾರಿದ್ದು, ಮಾವ ಬಿದ್ದದ್ದು, ಬೆಟ್ಟ ಸುತ್ತಿ ಗೆದ್ದದ್ದು ಊರೆಲ್ಲ ನೋಡಿದೆ. ಅಲ್ಲಿಂದಾಚೆ ನಿಜವಾಗಿ ಆದದ್ದು ಇಷ್ಟೇ: ಜವರಪ್ಪ ಎದ್ದು ಕೂತ, ಒಂದು ಸೋಡಾ ಕುಡಿದ, ಎರಡೂ ಅಳಿಲು ಹೊತ್ತುಕೊಂಡು ಮನೆಗೆ ಹೋದ. ಕತ್ತಿ ಚೀಲದಿಂದ ಈಚೆಗೇ ಬರಲಿಲ್ಲ, ಅಂತೋಣಪ್ಪನ ಮೀಸೇನೂ ಉಳೀತು. ಆದರೆ ಅಷ್ಟುದ್ದ ಮೀಸೆ ಎದುರಿಗೆ ಬಿದ್ದಿರುವಾಗ ಕತೇನ ಹಂಗೇ ಬಿಟ್ಟು ಬರೋಕಾಗ್ತದಾ? ಸೋಪು ಹಚ್ಚಿದ್ದು ನಾನು. ಜವರಪ್ಪ ಬಂದು ಕೇಳಿದರೆ, ಬೆಟ್ಟ ಹೇಳಿದ ಅಂದುಬಿಡಿ. ಅವನು ಈಗ ಹೆಂಗಿದ್ರೂ ಯಾರು ಏನಂದ್ರೂ ಹಂಗಾ ಅಂತಾನೆ.